ಮೇಲಿನ ಕೋಣೆಯ ಏಳು ಜನ

ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಏಳು ಜನ ಕೆಲಸ ಮಾಡುತ್ತಿದ್ದರೆಂದು ನಂಬಿದವರು ಕುರುಬರಹಳ್ಳಿ, ಲಗ್ಗೆರೆ, ಹೆಗ್ಗನಹಳ್ಳಿಯ ಕಡೆ ಇವತ್ತಿಗೂ ಇದ್ದಾರೆ. ಇದ್ದದ್ದು ಒಬ್ಬರೇ, ಒಬ್ಬ ಹೆಂಗಸು. ಹೆಸರು ಬರೆದರೆ ಗುಟ್ಟು ರಟ್ಟಾಗುತ್ತದೆ. ತೀರಿಹೋದವರ ಮಾತನ್ನು ಸುಳ್ಳು ಮಾಡುವ ಪಾಪ ನನಗೇಕೆ? ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಇರಲಿ.

ನನ್ನದು ಬಸವೇಶ್ವರನಗರದಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಮದುವೆಯ ಕರೆಯೋಲೆ, ಬಾಡಿಗೆ ಕರಾರು, ಶಾಲೆಯ ಪ್ರಶ್ನೆಪತ್ರಿಕೆ, ಯಾರದೋ ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲವನ್ನೂ ಒಂದೇ ಕೀಬೋರ್ಡಿನಲ್ಲಿ ಕುಟ್ಟಿದ್ದೇನೆ. ನನಗೆ ಬಾಯಿ ಜಾಸ್ತಿ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಮಿಷಿನ್ನಿನ ಮುಂದೆ ನಿಲ್ಲುವವರಿಗೆ ಬಾಯಿ ಬೇಡ, ಗಿರಾಕಿಗಳ ಮುಂದೆ ಕೂರುವವರಿಗೆ ಬೇಕು ಎಂದು ನಾನು ಹೇಳುತ್ತೇನೆ.

ಮೇಲಿನ ಕೋಣೆ ಖಾಲಿ ಬಿದ್ದಿದ್ದಾಗ ಅಕ್ಕ ಬಾಡಿಗೆಗೆ ಬಂದರು. ಐವತ್ತರ ಆಸುಪಾಸು ವಯಸ್ಸು, ಗಂಜಿ ಹಾಕಿದ ಕಾಟನ್ ಸೀರೆ. ಮದುವೆಯಾಗಿರಲಿಲ್ಲ. ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಬಹಳ ವರ್ಷ ದುಡಿದು, ಬೇಜಾರಾಗಿ ಬಿಟ್ಟು, ಬಂದ ಪಿ.ಎಫ್. ಹಣದಲ್ಲಿ ಸ್ವಂತ ಕೆಲಸ ಶುರುಮಾಡಿದ್ದರು. ರಕ್ತ, ಮೂತ್ರ ಪರೀಕ್ಷೆ ಮಾಡುವ ಸಣ್ಣ ಲ್ಯಾಬುಗಳಿಗೆ ರಿಪೋರ್ಟ್ ತೆಗೆಯುವ ಸಾಫ್ಟ್‌ವೇರ್ ಬರೆದುಕೊಡುವುದು, ಅದು ಕೆಟ್ಟಾಗ ಹೋಗಿ ಸರಿಮಾಡಿ ಬರುವುದು. ಸ್ಟಾರ್ಟಪ್ ಎಂಬ ಮಾತು ಆಗಿನ್ನೂ ನಮ್ಮ ರಸ್ತೆಗೆ ಬಂದಿರಲಿಲ್ಲ. "ಮೇಡಂ ಏನೋ ಕಂಪ್ಯೂಟರ್ ಇಟ್ಕೊಂಡಿದಾರೆ" ಎಂದು ಜನ ಹೇಳುತ್ತಿದ್ದರು, ಅಷ್ಟೇ.

ಏಳು ಜನ ಹುಟ್ಟಿಕೊಂಡ ಕಥೆಯನ್ನು ಅವರೇ ಹೇಳಿದ್ದು. ಮೊದಲನೆಯ ಗಿರಾಕಿ ಕುರುಬರಹಳ್ಳಿಯ ಒಂದು ಲ್ಯಾಬು. ಎಲ್ಲ ಒಪ್ಪಿಗೆಯಾದ ಮೇಲೆ ಅದರ ಮಾಲೀಕರು ಕೇಳಿದರಂತೆ, "ನೀವೊಬ್ರೇನಾ ಮೇಡಂ? ನಾಳೆ ನಿಮಗೆ ಜ್ವರ ಬಂದ್ರೆ ನನ್ನ ರಿಪೋರ್ಟ್ ಗತಿ ಏನು?" ಅವರ ಹಿಂದಿನ ಗೋಡೆಯಲ್ಲಿ ಧರ್ಮಸ್ಥಳದ ಮಂಜುನಾಥಸ್ವಾಮಿಯ ಕ್ಯಾಲೆಂಡರ್ ಇತ್ತು. ಅಕ್ಕನ ಬಾಯಿಂದ ಬಂದೇಬಿಟ್ಟಿತು. "ಛೆ, ಒಬ್ಬಳೇ ಯಾಕೆ ಸಾರ್? ಇಂಜಿನಿಯರ್ ಇದಾನೆ, ಮಂಜುನಾಥ್ ಅಂತ."

ಅಲ್ಲಿಂದ ಶುರು. ಮಂಜುನಾಥ ಒಬ್ಬನೇ ಆದರೆ ಚೆನ್ನಾಗಿರುವುದಿಲ್ಲವೆಂದು ಆಮೇಲೆ ಇನ್ನೂ ಐದು ಜನ ಸೇರಿಕೊಂಡರು. ಆದರೆ ಅವರಿಗೆಲ್ಲ ಹೆಸರಿನ ಹೊರತು ಹೆಚ್ಚಿನ ಜೀವ ಬರಲಿಲ್ಲ. ಮಂಜುನಾಥನಿಗೆ ಬಂತು. ತಪ್ಪೆಲ್ಲ ಅವನದು. "ಬೈದಿದೀನಿ ಸಾರ್ ಅವನಿಗೆ, ಸಂಜೆಯೊಳಗೆ ಸರಿ ಮಾಡ್ತಾನೆ." ಫೋನು ಬಂದರೆ ಅಕ್ಕ ರಿಸೀವರನ್ನು ಕತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಎಡಗೈಯಲ್ಲಿ ಪಕ್ಕದ ಕಂಪ್ಯೂಟರಿನ ಕೀಬೋರ್ಡನ್ನು ಸುಮ್ಮನೆ ಪಟಪಟ ಒತ್ತುತ್ತಿದ್ದರು. ಆ ಕಡೆಯವರಿಗೆ ಆಫೀಸು ತುಂಬ ಜನ ಇದ್ದಂತೆ ಕೇಳಬೇಕಲ್ಲ. ಹೆಗ್ಗನಹಳ್ಳಿಯ ಲ್ಯಾಬಿಗೆ ಹೋಗುವುದು ಒಂದು ದಿನ ತಡವಾಗಿ, ಮಂಜುನಾಥನ ತಾಯಿಗೆ ಹುಷಾರಿಲ್ಲ ಎಂದು ಹೇಳಿಬಿಟ್ಟರು. ಆ ವಾರವೆಲ್ಲ ಒಬ್ಬರಾದ ಮೇಲೊಬ್ಬರು ಆ ತಾಯಿಯ ಆರೋಗ್ಯ ವಿಚಾರಿಸಿದರು. ಪಿತ್ತಕೋಶದಲ್ಲಿ ಕಲ್ಲು ಎಂದು ಅಕ್ಕ ಹೇಳಬೇಕಾಯಿತು. ದೀಪಾವಳಿಗೆ ಲಗ್ಗೆರೆಯ ಲ್ಯಾಬಿನವರು ಎರಡು ಸ್ವೀಟ್ ಬಾಕ್ಸ್ ಕಳಿಸಿದರೆ ಒಂದರ ಮೇಲೆ ಮಂಜುನಾಥನ ಹೆಸರಿರುತ್ತಿತ್ತು. ಅದನ್ನು ತಿಂದವರು ನನ್ನ ಮಕ್ಕಳು.

ನಾವಿಬ್ಬರೂ ನಕ್ಕು ನಕ್ಕು ಸುಸ್ತಾಗುತ್ತಿದ್ದೆವು. ಆದರೆ ನಗು ಮುಗಿದ ಮೇಲೆ ಅಕ್ಕ ಮೇಲೆ ಹೋಗಿ ಒಬ್ಬರೇ ಕೂರಬೇಕು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಕೆಳಗೆ ಬಂದು ಜೆರಾಕ್ಸ್ ಮಿಷಿನ್ ಹಿಂದಿನ ಸ್ಟೂಲಿನ ಮೇಲೆ ಕೂತು ತಿನ್ನುವರು. ಒಂದು ದಿನ ಡಬ್ಬಿಯಿಲ್ಲದೆ ಓಡಿ ಬಂದರು, ಮುಖ ಅರಳಿತ್ತು. ಬಹಳ ದಿನದಿಂದ ಕಾಡುತ್ತಿದ್ದ ಒಂದು ತಪ್ಪು ಸಿಕ್ಕಿಬಿಟ್ಟಿದೆ ಎಂದರು. ಮಕ್ಕಳ ವಯಸ್ಸನ್ನು ತಿಂಗಳಲ್ಲಿ ಬರೆದಾಗ ಸಾಫ್ಟ್‌ವೇರ್ ಅದನ್ನು ವರ್ಷವೆಂದು ಓದುತ್ತದೆ, ಹಾಗಾಗಿ ಹಸುಳೆಗೆ ದೊಡ್ಡವರ ಲೆಕ್ಕದ ರಿಪೋರ್ಟ್ ಬರುತ್ತದೆ, ಅದು ಎಲ್ಲಿ ಅಡಗಿ ಕೂತಿತ್ತು ಗೊತ್ತಾ ಎಂದು ಕೈಯಾಡಿಸಿ ಹೇಳತೊಡಗಿದರು. ಎದುರಿಗೆ ಗಿರಾಕಿಗಳು ನಿಂತಿದ್ದರು. ಎಲ್ಲಿ ಅಡಗಿತ್ತು ಎಂಬುದು ನನಗೆ ತಲೆಬುಡ ತಿಳಿಯಲಿಲ್ಲ. "ಒಳ್ಳೇದಾಯ್ತು ಬಿಡಿ ಅಕ್ಕ" ಎಂದೆ. ಮಾತು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದರು.

"ಇದನ್ನ ಕೇಳಿ 'ಅರೆ, ಹೌದಲ್ಲ' ಅನ್ನೋಕೆ ಒಬ್ರು ಬೇಕು ಕಣ್ರೀ" ಎಂದರು. "ದುಡ್ಡು ಹೆಂಗೋ ಬರುತ್ತೆ. ಒಬ್ರು ಬೇಕು."

ಇದು ಗೊತ್ತಿದ್ದರೆ ಮುಂದಿನ ಕಥೆ ಅರ್ಥವಾಗುತ್ತದೆ.

ಒಂದು ಸಲ ಎರಡು ಇ-ಮೇಲ್‌ಗಳನ್ನು ಪ್ರಿಂಟ್ ತೆಗೆದುಕೊಂಡು ಬಂದು ನನ್ನ ಟೇಬಲ್ಲಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡೂ ಸಮ್ಮೇಳನದ ಆಹ್ವಾನಗಳು. ಎರಡೂ ಒಂದೇ ಶನಿವಾರ. ಒಂದು ಎಂ.ಜಿ. ರಸ್ತೆಯ ಕಡೆ ದೊಡ್ಡ ಹೋಟೆಲಿನಲ್ಲಿ. ಹೊರಗಿನ ಬಂಡವಾಳ ಹಾಕಿಸಿಕೊಂಡು ಕಂಪನಿ ಬೆಳೆಸುವವರದ್ದು. ಹಳೆಯ ಆಸ್ಪತ್ರೆಯ ಡಾಕ್ಟರೊಬ್ಬರು ಹೇಳಿದ್ದರಿಂದ ಅಕ್ಕನನ್ನು ಕರೆದಿದ್ದರು. ಇನ್ವೆಸ್ಟರುಗಳ ಮುಂದೆ ನಿಂತು ನಿಮ್ಮ ಕೆಲಸ ಏನು ಎಂದು ಹೇಳಬೇಕು, ಅವರಿಗೆ ಹಿಡಿಸಿದರೆ ಹಣ ಹಾಕುತ್ತಾರೆ. ಇನ್ನೊಂದು ಜಯನಗರದ ಕಡೆ ಒಂದು ಕಾಲೇಜಿನಲ್ಲಿ. ಯಾರ ಹಂಗೂ ಬೇಡವೆಂದು ಕೈಯಿಂದ ದುಡ್ಡು ಹಾಕಿ ನಡೆಸುವವರು ಸೇರಿಕೊಂಡು ಮಾತಾಡುವುದು. ಅಲ್ಲಿ ಯಾರೂ ಯಾರಿಗೂ ಏನೂ ಕೊಡುವುದಿಲ್ಲ.

"ಇದರಲ್ಲಿ ಯೋಚ್ನೆ ಮಾಡೋದೇನಿದೆ?" ಎಂದೆ. "ಹೋಟೆಲಿಗೆ ಹೋಗಿ. ಊಟನಾದ್ರೂ ಚೆನ್ನಾಗಿರುತ್ತೆ."

ಅಕ್ಕ ನಗಲಿಲ್ಲ. ಹಿಂದೊಮ್ಮೆ ಅಂಥದ್ದೊಂದು ಕಡೆ ಹೋಗಿದ್ದರಂತೆ. ಟೈ ಕಟ್ಟಿದ ಹುಡುಗನೊಬ್ಬ, ಇದನ್ನು ಎಷ್ಟು ವರ್ಷದಲ್ಲಿ ಯಾರಿಗೆ ಮಾರುತ್ತೀರಿ ಎಂದು ಕೇಳಿದನಂತೆ. "ಮಾರೋಕೆ ಅಂತ ಕಟ್ತಾ ಇಲ್ಲಪ್ಪ" ಎಂದರೆ ಅವನು ಪಕ್ಕದವರ ಕಡೆ ತಿರುಗಿಕೊಂಡನಂತೆ. ಆದರೂ ಆ ಆಹ್ವಾನವನ್ನು ಹರಿದು ಹಾಕಲು ಮನಸ್ಸಿರಲಿಲ್ಲ. ವಾರವೆಲ್ಲ ಇದೇ ಧ್ಯಾನ. ಬೆಳಿಗ್ಗೆ ಬೀಗ ತೆಗೆಯಲು ಬಂದಾಗ ಹೋಟೆಲು ಎನ್ನುವರು, ಮಧ್ಯಾಹ್ನ ಡಬ್ಬಿ ತೊಳೆಯುವ ಹೊತ್ತಿಗೆ ಕಾಲೇಜು. ನನಗೆ ರೇಗಿಹೋಯಿತು. ಹೆಣ್ಣು ನೋಡಲು ಹೋದವರೂ ಇಷ್ಟು ಯೋಚಿಸುವುದಿಲ್ಲ ಎಂದೆ.

"ನೋಡ್ರೀ" ಎಂದು ಆಗ ಬಿಡಿಸಿ ಹೇಳಿದರು. "ಹೋಟೆಲಿಗೆ ಹೋಗಿ ದುಡ್ಡು ಸಿಕ್ಕಿದ್ರೆ ಮಂಜುನಾಥನ್ನ ನಿಜವಾಗ್ಲೂ ಇಟ್ಕೋಬಹುದು. ಸಂಬಳ ಕೊಟ್ಟು. ಕಾಲೇಜಿಗೆ ಹೋದ್ರೆ ಮಂಜುನಾಥ ಬೇಡವೇ ಆಗಬಹುದು. ಅಲ್ಲಿ ನನ್ನಂಗೆ ಒಬ್ಬೊಬ್ರೇ ಮಾಡೋರು ಬರ್ತಾರಂತೆ. ಅವರಿಗೆಲ್ಲ ಬೇರೆ ಕೋಣೇನೇ ಇದೆಯಂತೆ. ಹೋಗಿ ಕೂತ್ಕೊಂಡು, ನಾನೂ ಒಬ್ಬಳೇ ಕಣ್ರಪ್ಪಾ ಅಂತ ಹೇಳ್ಬಿಟ್ರೆ ಸಾಕು."

ಸಂಬಳಕ್ಕೆ ಬಂದವರು ಸಂಬಳ ಜಾಸ್ತಿ ಸಿಕ್ಕ ಕಡೆ ಹೋಗುತ್ತಾರೆ, ಒಬ್ಬರೇ ಮಾಡುವವರು ಎಲ್ಲಿಗೆ ಹೋಗುತ್ತಾರೆ ಎಂದೂ ಸೇರಿಸಿದರು. ಹೋಟೆಲಿನವರಿಗೆ ಬರಲಾಗುವುದಿಲ್ಲ ಎಂದು ಮೇಲ್ ಕಳಿಸಿ ಕಾಲೇಜಿಗೆ ಹೊರಟರು. ಮಾಗಡಿ ರಸ್ತೆಯಲ್ಲಿ ಬಸ್ಸು ಹತ್ತಿಸಿ ಬಂದವಳು ನಾನೇ. ಹಸಿರು ಅಂಚಿನ ಹೊಸ ಸೀರೆ ಉಟ್ಟಿದ್ದರು. ಯಾರಾದರೂ ಕೇಳಿದರೆ ತೋರಿಸೋಣವೆಂದು ಆ ವಯಸ್ಸಿನ ತಪ್ಪಿನ ಕಥೆಗೆ ಬೇಕಾದ ಕಾಗದಗಳನ್ನೂ ಚೀಲದಲ್ಲಿ ಇಟ್ಟುಕೊಂಡಿದ್ದರು.

ಸಂಜೆ ಬಂದವರು ಮೇಲೆ ಹೋಗಲಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕುಸಿದರು. ಎದೆಯ ಮೇಲೆ ಹಳದಿ ಸ್ಟಿಕ್ಕರ್ ಇತ್ತು.

ಆದದ್ದು ಇಷ್ಟೇ. ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿ ಕೇಳಿದಳು, ನಿಮ್ಮ ಕಂಪನಿಯಲ್ಲಿ ಎಷ್ಟು ಜನ ಮೇಡಂ? ಇವರ ಬಾಯಿ ವರ್ಷಗಟ್ಟಲೆ ಅಭ್ಯಾಸವಾದ ಉತ್ತರವನ್ನೇ ಹೇಳಿತು. ಏಳು ಜನ. ಒಬ್ಬೊಬ್ಬರೇ ನಡೆಸುವವರಿಗೆ ಹಸಿರು, ಕೆಲಸದವರಿರುವವರಿಗೆ ಹಳದಿ. ಆ ಹುಡುಗಿ ಹಳದಿ ಅಂಟಿಸಿಬಿಟ್ಟಳು. ಎಡಗಡೆಯ ಕೋಣೆಗೆ ಕಳಿಸಿದಳು. ಅಲ್ಲಿದ್ದವರೆಲ್ಲ ಕೆಲಸದವರ ಕಷ್ಟ ಹೇಳಿಕೊಳ್ಳುತ್ತಿದ್ದರು. ಒಬ್ಬ ಹೇಳದೆ ಕೇಳದೆ ಬಿಟ್ಟುಹೋದ, ಇನ್ನೊಬ್ಬ ದಿನಾ ತಡ. ಇವರ ಸರದಿ ಬಂದಾಗ ಮಂಜುನಾಥನ ತಾಯಿಯ ಪಿತ್ತಕೋಶದ ಕಥೆ ಹೇಳಿದರು. ಎಲ್ಲರೂ ನಕ್ಕರು. ಇನ್ನೊಂದು ಹೇಳಿ ಮೇಡಂ ಎಂದರು. ಹೇಳಿದರು. ನಡುವಿನ ಗಾಜಿನ ಬಾಗಿಲಿನಾಚೆ ಹಸಿರು ಸ್ಟಿಕ್ಕರಿನವರು ದುಂಡಗೆ ಕೂತಿದ್ದರು. ಒಬ್ಬ ಏನೋ ಹೇಳಿದರೆ ಉಳಿದವರು ತಲೆಯಾಡಿಸುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

"ಎದ್ದು ಆ ಕಡೆ ಹೋಗೋಕೆ ಏನಾಗಿತ್ತು ನಿಮಗೆ?" ಎಂದು ನಾನು ರೇಗಿದೆ.

"ಹೆಂಗ್ ಹೋಗ್ಲಿ? ಅಷ್ಟೊತ್ತಿಗೆ ಎಲ್ರೂ ಮಂಜುನಾಥನ್ನ ಕೇಳ್ತಾ ಇದ್ರು. ಅವನಿಲ್ಲ ಅಂದ್ರೆ ಏನಂದ್ಕೋತಾರೆ? ತಲೆ ಕೆಟ್ಟೋಳು ಅಂತಾರೆ." ಎದೆಯ ಮೇಲಿನ ಸ್ಟಿಕ್ಕರ್ ಕಿತ್ತು, "ಒಬ್ಬಳೇ ಅನ್ನೋದು ಬಾಯಲ್ಲಿ ಬರಲೇ ಇಲ್ಲ ಕಣ್ರೀ" ಎಂದರು. ಕಣ್ಣಲ್ಲಿ ನೀರಿತ್ತು. ಅಂಥ ಗಟ್ಟಿ ಹೆಂಗಸು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದೆ.

ಆ ದಿನದಿಂದ ಸಿಕ್ಕಿದ್ದು ಒಬ್ಬರು. ಹಳದಿ ಕೋಣೆಯಲ್ಲಿ ಇವರ ಪಕ್ಕ ಕೂತಿದ್ದವರು. ಧಾರವಾಡದ ಕಡೆಯವರು, ಕೆಂಗೇರಿಯಲ್ಲಿ ಮನೆ, ಹೆಂಡತಿ ತೀರಿಕೊಂಡಿದ್ದರು. ಔಷಧಿ ಅಂಗಡಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಮಾಡುತ್ತಿದ್ದರು. ಅವರ ಹತ್ತಿರ ಐದಾರು ಜನ ಹುಡುಗರಂತೆ, ಮುಖ್ಯನಾದವನು ರಮೇಶ. ಆಗಾಗ ಫೋನು ಮಾಡುವರು, ಈ ಕಡೆ ಕೆಲಸವಿದ್ದರೆ ಬರುವರು. ಬಂದವರನ್ನು ಅಕ್ಕ ಮೇಲೆ ಕರೆದುಕೊಂಡು ಹೋಗುತ್ತಿರಲಿಲ್ಲ. ನಮ್ಮ ಅಂಗಡಿಯಲ್ಲೇ ಕೂರಿಸಿ, "ಮೇಲೆ ಹುಡುಗ್ರು ಕೆಲಸ ಮಾಡ್ತಾ ಇದಾರೆ, ಡಿಸ್ಟರ್ಬ್ ಬೇಡ" ಎನ್ನುವರು.

"ಹೌದ್ರೀ, ಹುಡುಗೂರು ಅಂದ್ರ ಹಂಗ. ನಮ್ಮ ರಮೇಶ ಭಾಳ ಮುಂಗೋಪಿ ಅದಾನ್ರಿ" ಎನ್ನುವರು ಅವರು.

"ನಮ್ಮ ಮಂಜುನಾಥ ಪಾಪ, ಬೈದ್ರೂ ಮಾತಾಡಲ್ಲ."

ಮಕ್ಕಳ ಸುದ್ದಿ ಹೇಳಿಕೊಳ್ಳುವ ಬೀಗರ ಹಾಗೆ ಇಬ್ಬರೂ ಕೂತು ಮಾತಾಡುವರು. ನಡುನಡುವೆ ಕೆಲಸದ ಮಾತೂ ಬರುವುದು. ತಿಂಗಳನ್ನು ವರ್ಷವೆಂದು ಓದುವ ಆ ತಪ್ಪಿನ ವಿಷಯವನ್ನು ಅಕ್ಕ ಒಮ್ಮೆ ಹೇಳಿದರು, ಮಂಜುನಾಥ ಹುಡುಕಿದ್ದು ಎಂದು. ಆ ಮನುಷ್ಯ ಕಾಫಿ ಲೋಟ ಕೆಳಗಿಟ್ಟು, "ಅರೆ, ಹೌದಲ್ರೀ! ನನಗೂ ಅಲ್ಲೇ ಹೊಡೀತು" ಎಂದು ತೊಡೆ ತಟ್ಟಿಕೊಂಡರು. ಅಕ್ಕನ ಮುಖ ನೋಡಬೇಕಿತ್ತು. ಒಂದು ಗಳಿಗೆ ಅರಳಿ, ಮರುಗಳಿಗೆ ಬಾಡಿತು. ಆ ಭೇಷ್ ಹೋಗಿ ಸೇರಿದ್ದು ಇಲ್ಲದವನಿಗೆ.

ಅವರು ಹೋದ ಮೇಲೆ ಅಕ್ಕ ಇನ್ನಷ್ಟು ಮಂಕಾಗುತ್ತಿದ್ದರು. "ಅವರಿಗೇನ್ರೀ, ಸುತ್ತ ಜನ ಇದಾರೆ. ಸಂಜೆ ಬೀಗ ಹಾಕೋವಾಗ ನಾಳೆ ನೋಡೋಣ ಅಂತ ಹೇಳೋಕೆ ಒಬ್ಬ ರಮೇಶ ಇದಾನೆ" ಎನ್ನುವರು. ನನಗೆ ಸಾಕಾಗಿಹೋಗಿತ್ತು. "ಇದ್ದದ್ದು ಹೇಳಿಬಿಡಿ. ಆ ಮನುಷ್ಯ ಒಳ್ಳೆಯವರು, ನಕ್ಕು ಸುಮ್ಮನಾಗ್ತಾರೆ" ಎಂದು ಎಷ್ಟು ಸಲ ಹೇಳಿದೆನೋ. ಪ್ರತಿ ಸಲವೂ, "ಮುಂದಿನ ಸಲ ಹೇಳ್ತೀನಿ" ಎನ್ನುವರು.

ಕೊನೆಗೆ ಹೇಳಲೇಬೇಕಾದ ಸಂದರ್ಭ ಬಂತು. ಲ್ಯಾಬಿನ ರಿಪೋರ್ಟು, ಔಷಧಿ ಅಂಗಡಿಯ ಬಿಲ್ಲು ಎರಡನ್ನೂ ಒಟ್ಟು ಸೇರಿಸಿ ಏನೋ ಮಾಡಬಹುದು ಎಂದು ಇಬ್ಬರಿಗೂ ಹೊಳೆದಿತ್ತು. ಮಾತಿಗೆ ಮಾತು ಬೆಳೆದು, ಮಂಜುನಾಥನನ್ನೂ ರಮೇಶನನ್ನೂ ಎದುರುಬದುರು ಕೂರಿಸೋಣ ಎಂದು ತೀರ್ಮಾನವಾಯಿತು. ಒಂದೆರಡು ಸಲ ದಿನ ಗೊತ್ತುಮಾಡಿ ಮುಂದೆ ಹಾಕಿದರು. ಒಮ್ಮೆ ಮಂಜುನಾಥ ತುಮಕೂರಿಗೆ ಹೋಗಿದ್ದ, ಒಮ್ಮೆ ರಮೇಶನ ತಂಗಿಯ ಮದುವೆ. ಮತ್ತೊಂದು ಶನಿವಾರ ಗೊತ್ತಾಯಿತು. ಹಿಂದಿನ ದಿನ ಅಕ್ಕ ಬಂದು, "ನಾಳೆ ಹೇಳೇಬಿಡ್ತೀನಿ. ನೀವು ಜೊತೇಲಿರಿ, ನನಗೆ ಧೈರ್ಯ" ಎಂದರು. ಕೆಂಗೇರಿಯವರನ್ನು ಮೊದಲ ಸಲ ಮೇಲಿನ ಕೋಣೆಗೆ ಕರೆದುಕೊಂಡು ಹೋಗುವುದೆಂದು ಕಸ ಹೊಡೆದು, ಕಿಟಕಿ ಒರೆಸಿದರು. ನಾನು ಮನೆಯಿಂದ ಕೋಡುಬಳೆ ಮಾಡಿಕೊಂಡು ಬಂದೆ.

ಶನಿವಾರ ಬೆಳಿಗ್ಗೆ ಅವರ ಫೋನು ಬಂತು. ನಾನು ಪಕ್ಕದಲ್ಲೇ ಇದ್ದೆ. ರಮೇಶನಿಗೆ ಜೋರು ಜ್ವರವಂತೆ, ಮುಂದಿನ ವಾರ ಇಬ್ಬರೂ ಬರುತ್ತಾರಂತೆ. ನೀವೊಬ್ಬರೇ ಬನ್ನಿ ಎನ್ನಿ ಎಂದು ನಾನು ಸನ್ನೆ ಮಾಡಿದೆ. ಅಕ್ಕ ಬಾಯಿ ತೆರೆದರು, ಮುಚ್ಚಿದರು. "ಪರವಾಗಿಲ್ಲ ಸಾರ್. ಅವನಿಗೆ ಬಿಸಿನೀರು ಕೊಡಿ, ಚೆನ್ನಾಗಿ ನೋಡ್ಕೊಳ್ಳಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹುಡುಗನಿಗೆ ಜ್ವರ ಬಂದಿರೋವಾಗ ಇದೆಲ್ಲ ಹೇಳೋದಾ? ಮುಂದಿನ ವಾರ" ಎಂದರು. ಕೋಡುಬಳೆಯನ್ನು ಇಬ್ಬರೂ ತಿಂದೆವು.

ಆ ಮುಂದಿನ ವಾರ ಅಕ್ಕನಿಗೆ ಬರಲಿಲ್ಲ. ಗುರುವಾರ ಮೇಲಿನ ಕೋಣೆಯ ಬೀಗ ತೆಗೆಯಲಿಲ್ಲ. ವಿಜಯನಗರದ ಅವರ ಮನೆಯ ಓನರ್ ಫೋನು ಮಾಡಿದರು. ನಿದ್ದೆಯಲ್ಲೇ ಹೃದಯ ನಿಂತಿತ್ತು. ಮೈಸೂರಿನಿಂದ ಅವರ ತಮ್ಮ ಬಂದು ಸಂಸ್ಕಾರ ಮುಗಿಸಿದರು. ಲ್ಯಾಬುಗಳ ಫೋನುಗಳನ್ನು ನಾನೇ ತೆಗೆದುಕೊಂಡೆ. ಒಬ್ಬೊಬ್ಬರೂ ಅಯ್ಯೋ ಎಂದು ಮರುಗಿ, ಕೊನೆಗೆ, "ಮಂಜುನಾಥ್ ಇದಾರಲ್ಲ, ಅವರಿಗೆ ಎಷ್ಟು ದುಃಖ ಆಗಿರ್ಬೇಕು" ಎನ್ನುವರು. ಅವನು ಬೇರೆ ಕೆಲಸಕ್ಕೆ ಸೇರಿದ ಎಂದು ಹೇಳಿ ಮುಗಿಸಿದೆ.

ಕೆಂಗೇರಿಯವರ ನಂಬರು ನನ್ನ ಹತ್ತಿರ ಇರಲಿಲ್ಲ. ಶನಿವಾರ ಅವರಾಗಿಯೇ ಬಂದರು, ಒಬ್ಬರೇ. ವಿಷಯ ತಿಳಿದು ಸ್ಟೂಲಿನ ಮೇಲೆ ಕೂತರು. ಆಮೇಲೆ, "ಮ್ಯಾಲಿನ ಹುಡುಗೂರು ಏನ್ ಮಾಡ್ತಾರ್ರೀ ಈಗ? ಮಂಜುನಾಥ ನಡಸ್ಕೊಂಡು ಹೋಗ್ತಾನೇನು?" ಎಂದು ಕೇಳಿದರು.

ಇವರಿಗೂ ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. ಅಕ್ಕ ಹೇಳಬೇಕೆಂದಿದ್ದ ಮಾತು, ಅವರ ಪರವಾಗಿ ನಾನೇ ಹೇಳಿದೆ. "ಮಂಜುನಾಥ್ ಅಂತ ಯಾರೂ ಇರಲಿಲ್ಲ ಸಾರ್. ಮೇಲೆ ಯಾರೂ ಇರಲಿಲ್ಲ. ಅವರೊಬ್ರೇ."

ಅವರು ನನ್ನನ್ನೇ ನೋಡಿದರು. ಬೈಯುತ್ತಾರೇನೋ ಎಂದುಕೊಂಡೆ.

"ನಮ್ಮ ರಮೇಶನೂ ಇಲ್ರೀ" ಎಂದರು.

ನನಗೆ ತಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಜ್ವರ ಯಾರಿಗೆ ಬಂದಿತ್ತು ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅವರು ತಲೆ ತಗ್ಗಿಸಿದರು. ಅವರೂ ಕಾಲೇಜಿನ ಬಾಗಿಲಲ್ಲಿ ಆರು ಜನ ಎಂದು ಹೇಳಿ ಹಳದಿ ಅಂಟಿಸಿಕೊಂಡವರೇ. "ಎರಡ ಸಲ ಬಸ್ಸಿನ್ಯಾಗ ಮನಸ್ಸು ಗಟ್ಟಿ ಮಾಡ್ಕೊಂಡು ಬಂದಿದ್ದೆ ನೋಡ್ರಿ, ಖರೇ ಹೇಳಿಬಿಡೋಣಂತ. ಏಳು ಮಂದೀನ ಇಟ್ಕೊಂಡು ನಡಸೋವ್ರ ಮುಂದ ನಾ ಒಬ್ಬನ ಅಂತ ಹೆಂಗ ಹೇಳ್ಲಿ? ಹೋದ ಶನಿವಾರ ರಮೇಶನ್ನ ಎಲ್ಲಿಂದ ಕರ್ಕೊಂಡು ಬರ್ಲಿ? ಅದಕ್ಕ ಜ್ವರ ಅಂದೆ."

ಅಕ್ಕ ಆ ಶನಿವಾರ ಎಲ್ಲ ಹೇಳಿಬಿಡಬೇಕೆಂದು ಕೋಣೆ ಒಪ್ಪ ಮಾಡಿಕೊಂಡು ಕಾಯುತ್ತಿದ್ದರು ಎಂದೆ. ಹೇಳಬಾರದಿತ್ತೇನೋ. ಆದರೆ ಯಾರಿಗಾದರೂ ಹೇಳದೆ ಇರಲು ನನ್ನಿಂದ ಆಗುತ್ತಿರಲಿಲ್ಲ.

ಅವರು ಎದ್ದು ನಿಂತರು. ಮೆಟ್ಟಿಲ ಕಡೆ ಒಮ್ಮೆ ನೋಡಿದರು.

"ನಾ ಒಬ್ಬನ ಬಂದಿದ್ರ ಸಾಕಿತ್ತಲ್ರೀ" ಎಂದರು.

"ಸಾಕಿತ್ತು ಸಾರ್" ಎಂದೆ.